ಹೆಸರು ಕೇಳದ ಕೀಲಿಮಣೆ: ಕೊಳ್ಳುವ ಮುನ್ನ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಜನರ ಬಾಯಲ್ಲಿ ಎಸ್.ಪಿ. ರೋಡ್. ಕಾಲೇಜು ತೆರೆಯುವ ದಿನಗಳಲ್ಲಿ ಅಲ್ಲಿನ ಕಂಪ್ಯೂಟರ್ ಅಂಗಡಿಗಳ ಮುಂದೆ ಕಾಣುವ ನೋಟ ಹೆಚ್ಚು ಕಡಿಮೆ ಒಂದೇ. ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ ಮಗಳು. ತುಮಕೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ ತಂದೆ. ಮಗಳಿಗೆ ಮೆಕ್ಯಾನಿಕಲ್ ಕೀಬೋರ್ಡ್ ಬೇಕು. ಹೆಸರಾಂತ ಕಂಪನಿಯದಕ್ಕೆ ಎಂಟು ಸಾವಿರ. ಅದರ ಪಕ್ಕದಲ್ಲೇ ಬಣ್ಣಬಣ್ಣದ ದೀಪ ಬೆಳಗುತ್ತಾ ಕುಳಿತಿರುವ, ಯಾರೂ ಹೆಸರು ಕೇಳದ ಇನ್ನೊಂದಕ್ಕೆ ಎರಡೂವರೆ ಸಾವಿರ.

“ಈ ಕಂಪನಿ ಹೆಸರೇ ಕೇಳಿಲ್ಲವಲ್ಲಮ್ಮ” ಎನ್ನುತ್ತಾರೆ ತಂದೆ.

“ಒಳಗೆ ಎಲ್ಲಾ ಒಂದೇ ಅಂತಪ್ಪ. ನಮ್ಮ ಕ್ಲಾಸಲ್ಲಿ ತುಂಬಾ ಜನ ಇದನ್ನೇ ತಗೊಂಡಿದ್ದಾರೆ” ಎನ್ನುತ್ತಾಳೆ ಮಗಳು.

“ಕಣ್ಣು ಮುಚ್ಕೊಂಡು ತಗೊಳ್ಳಿ ಸಾರ್, ಒಂದು ವರ್ಷ ಗ್ಯಾರಂಟಿ” ಎನ್ನುತ್ತಾರೆ ಅಂಗಡಿಯವರು.

ಮೂವರ ಮಾತಿನಲ್ಲೂ ಅಷ್ಟಿಷ್ಟು ಸತ್ಯವಿದೆ, ಅಷ್ಟಿಷ್ಟು ಅಪಾಯವೂ ಇದೆ. ಎಂಟು ಸಾವಿರ ಕೊಡಲು ಆ ತಂದೆಗೆ ಸಾಧ್ಯವಿಲ್ಲ. ಎರಡೂವರೆ ಸಾವಿರ ನೀರಿಗೆ ಹೋದರೆ ಮತ್ತೊಮ್ಮೆ ಕೊಡಲೂ ಸಾಧ್ಯವಿಲ್ಲ. ಇಂಥ ಮನೆಗಳಿಗೆ ಬೇಕಾದ್ದು ಹೆಸರಿನ ಭರವಸೆಯಲ್ಲ, ವಸ್ತುವನ್ನು ತಾವೇ ಪರೀಕ್ಷಿಸುವ ದಾರಿ. ಆ ದಾರಿ ಅಷ್ಟೇನೂ ಕಠಿಣವಲ್ಲ.

ಹೆಸರು ಯಾರದು, ಒಡಲು ಯಾರದು?

ಸಾಮಾನ್ಯ ಕೀಲಿಮಣೆಯ ಒಳಗೆ ಎಲ್ಲ ಕೀಲಿಗಳಿಗೂ ಸೇರಿ ಒಂದೇ ರಬ್ಬರ್ ಹಾಳೆ ಇರುತ್ತದೆ. ಅದರ ಕೆಳಗೆ ಪ್ಲಾಸ್ಟಿಕ್ ಪೊರೆಗಳು. ಒತ್ತಿದಾಗ ರಬ್ಬರ್ ಗುಬ್ಬಿ ಕುಗ್ಗಿ ಪೊರೆಗಳನ್ನು ಕೂಡಿಸುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಹಾಗಲ್ಲ. ಪ್ರತಿ ಕೀಲಿಗೂ ತನ್ನದೇ ಆದ ಸ್ವಿಚ್ ಇರುತ್ತದೆ. ಆ ಪುಟ್ಟ ಡಬ್ಬಿಯೊಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಜಾರುವ ಒಂದು ಕಂಬ, ಒಂದನ್ನೊಂದು ಮುಟ್ಟುವ ಲೋಹದ ಎಲೆಗಳು. ಒಂದು ಸ್ವಿಚ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಬೆಲೆ ಹೆಚ್ಚಾಗುವುದೂ ಇದರಿಂದಲೇ, ಬಾಳಿಕೆ ಹೆಚ್ಚಾಗುವುದೂ ಇದರಿಂದಲೇ.

ಇಂದು ಹೆಚ್ಚಾಗಿ ಕಾಣುವ ಸ್ವಿಚ್ಚಿನ ಮಾದರಿಯನ್ನು ರೂಪಿಸಿದ್ದು ಜರ್ಮನಿಯ ಚೆರ್ರಿ ಕಂಪನಿ, 1980ರ ದಶಕದಲ್ಲಿ. ಅದಕ್ಕೆ ಎಂಎಕ್ಸ್ ಎಂದು ಹೆಸರು. ಸುಮಾರು 2014ರ ಹೊತ್ತಿಗೆ ಅದರ ಪೇಟೆಂಟ್ ಅವಧಿ ಮುಗಿಯಿತು. ಆ ಬಳಿಕ ಚೀನಾದ ಗೇಟೆರಾನ್, ಕೈಲ್, ಔಟೆಮು, ಟಿಟಿಸಿ ಮುಂತಾದವು ಅದೇ ಅಳತೆಯ ಸ್ವಿಚ್ಚುಗಳನ್ನು ಧಾರಾಳವಾಗಿ ತಯಾರಿಸಿ ಮಾರತೊಡಗಿದವು. ಇವುಗಳಲ್ಲಿ ಕೆಲವು ಮೂಲಕ್ಕಿಂತ ನಯವಾಗಿವೆ ಎಂದು ಬಳಸಿದವರು ಹೇಳುವುದುಂಟು.

ಇಲ್ಲಿಂದ ಕಥೆ ಬದಲಾಯಿತು. ಸ್ವಿಚ್ ಒಂದು ಕಾರ್ಖಾನೆಯದು, ಟೋಪಿ ಇನ್ನೊಂದರದು, ಜೋಡಣೆ ಮತ್ತೊಂದರದು. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಮಾರುವವರದು. ಒಂದೇ ಕಾರ್ಖಾನೆಯಿಂದ ಬಂದ ಮಾಲು ನಾಲ್ಕು ಹೆಸರಿನಲ್ಲಿ ನಾಲ್ಕು ಬೆಲೆಗೆ ಸಿಗಬಹುದು. ಹಾಗೆಯೇ ಒಂದೇ ಹೆಸರಿನಡಿ ಈ ವರ್ಷ ಒಳ್ಳೆಯ ಸ್ವಿಚ್, ಮುಂದಿನ ವರ್ಷ ಅಗ್ಗದ ಸ್ವಿಚ್ ಬರಬಹುದು. ಆದ್ದರಿಂದ ಅಷ್ಟಾಗಿ ಹೆಸರಿಲ್ಲದ ಕೀಲಿಮಣೆಯನ್ನು ಅಳೆಯುವವರು ಹೆಸರನ್ನು ಬದಿಗಿಟ್ಟು ಬಿಡಿಭಾಗಗಳನ್ನು ಒಂದೊಂದಾಗಿ ನೋಡಬೇಕು.

ಮೊದಲ ಬಲೆ

ಪೆಟ್ಟಿಗೆಯ ಮೇಲೆ ‘ಮೆಕ್ಯಾನಿಕಲ್ ಫೀಲ್’, ‘ಸೆಮಿ ಮೆಕ್ಯಾನಿಕಲ್’ ಎಂಬ ಬರಹಗಳಿದ್ದರೆ ಅದು ಮೆಕ್ಯಾನಿಕಲ್ ಅಲ್ಲವೆಂದೇ ತಿಳಿಯಬೇಕು. ಒಳಗಿರುವುದು ಅದೇ ರಬ್ಬರ್ ಹಾಳೆ. ದೀಪಗಳು ಮಾತ್ರ ಹೊಸವು. ಅಂಗಡಿಯವರ ಒಪ್ಪಿಗೆ ಪಡೆದು ಒಂದು ಟೋಪಿಯನ್ನು ಮೇಲಕ್ಕೆ ಎಳೆದು ತೆಗೆದರೆ ಗುಟ್ಟು ರಟ್ಟಾಗುತ್ತದೆ. ಅಡಿಯಲ್ಲಿ ಚೌಕಾಕಾರದ ಡಬ್ಬಿ, ಅದರ ನಡುವೆ ಒತ್ತಿದರೆ ಕೆಳಗಿಳಿದು ತಾನಾಗಿ ಮೇಲೇಳುವ ಕಂಬ ಕಂಡರೆ ಅದು ನಿಜವಾದ ಸ್ವಿಚ್. ಎಂಎಕ್ಸ್ ಮಾದರಿಯಾದರೆ ಆ ಕಂಬದ ತುದಿ ಅಧಿಕ ಚಿಹ್ನೆಯ ಆಕಾರದಲ್ಲಿರುತ್ತದೆ. ಸ್ವಿಚ್ಚಿನ ಡಬ್ಬಿಯ ಮೇಲೆ ತಯಾರಕರ ಹೆಸರು ಕೊರೆದಿರುವುದೂ ಉಂಟು. ಏನೂ ಕೊರೆದಿರದಿದ್ದರೆ ತಕ್ಷಣ ತಿರಸ್ಕರಿಸಬೇಕಿಲ್ಲ, ಆದರೆ ‘ಇದು ಯಾರ ಸ್ವಿಚ್’ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ.

ಸ್ವಿಚ್ಚಿನ ಬಣ್ಣಕ್ಕೂ ಅರ್ಥವಿದೆ. ಸಾಮಾನ್ಯ ರೂಢಿಯಲ್ಲಿ ಕೆಂಪು ಎಂದರೆ ಅಡೆತಡೆಯಿಲ್ಲದೆ ನೇರವಾಗಿ ಇಳಿಯುವಂಥದು. ಕಂದು ಎಂದರೆ ದಾರಿಯ ಮಧ್ಯೆ ಬೆರಳಿಗೆ ಸಣ್ಣ ಏರು ತಾಗುವಂಥದು. ನೀಲಿ ಎಂದರೆ ಆ ಏರಿನ ಜೊತೆಗೆ ‘ಟಿಕ್’ ಎಂಬ ಸದ್ದು ಮಾಡುವಂಥದು. ನೀಲಿಯ ಸದ್ದು ಅಂಗಡಿಯ ಗಲಾಟೆಯಲ್ಲಿ ಸೊಗಸಾಗಿಯೇ ಕೇಳುತ್ತದೆ. ಆದರೆ ಮೂವರು ಮಲಗುವ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಅದೇ ಸದ್ದು ಜಗಳಕ್ಕೆ ಕಾರಣವಾಗುತ್ತದೆ.

ಐದು ಕೋಟಿಯ ಲೆಕ್ಕ

‘5 ಕೋಟಿ ಒತ್ತುವಿಕೆ ತಡೆಯುತ್ತದೆ’ ಎಂಬುದು ಇವುಗಳ ಜಾಹೀರಾತಿನ ಮಾಮೂಲಿ ಮಾತು. ಇದನ್ನು ಕೇಳಿ ಬೆರಗಾಗುವ ಮೊದಲು ಒಂದು ಲೆಕ್ಕ ಮಾಡಬಹುದು. ನಿಮಿಷಕ್ಕೆ 40 ಪದ ಟೈಪ್ ಮಾಡುವ ವಿದ್ಯಾರ್ಥಿ, ಪದವೊಂದಕ್ಕೆ ಐದು ಒತ್ತುಗಳಂತೆ, ನಿಮಿಷಕ್ಕೆ 200 ಬಾರಿ ಒತ್ತುತ್ತಾನೆ. ಅದರಲ್ಲಿ 40 ಸಲ ಒತ್ತುವುದು ಸ್ಪೇಸ್ ಬಾರನ್ನೇ. ದಿನಕ್ಕೆ ಎರಡು ಗಂಟೆಯೆಂದರೆ ಸ್ಪೇಸ್ ಬಾರಿಗೆ 4,800 ಒತ್ತು. ವರ್ಷಕ್ಕೆ 300 ದಿನ ಎಂದುಕೊಂಡರೆ 14 ಲಕ್ಷದ 40 ಸಾವಿರ. 5 ಕೋಟಿ ಮುಟ್ಟಲು ಸುಮಾರು 35 ವರ್ಷ ಬೇಕು!

ಅಂದರೆ 5 ಕೋಟಿಯೋ 8 ಕೋಟಿಯೋ ಎಂಬುದು ವಿದ್ಯಾರ್ಥಿಯ ಪಾಲಿಗೆ ಮುಖ್ಯವಲ್ಲ. ಸ್ವಿಚ್ ಸವೆಯುವ ಎಷ್ಟೋ ಮೊದಲೇ ಬೇರೇನಾದರೂ ಕೈಕೊಡುತ್ತದೆ. ವೈರು ಸಡಿಲವಾಗಬಹುದು, ಬೆಸುಗೆ ಬಿಡಬಹುದು, ಅಕ್ಷರ ಅಳಿಸಿಹೋಗಬಹುದು. ಅಲ್ಲಿಯೇ ಪರೀಕ್ಷೆ ನಡೆಯಬೇಕು.

ಸ್ವಿಚ್ಚುಗಳಲ್ಲಿ ನೋಡಬೇಕಾದ್ದು ಬಾಳಿಕೆಗಿಂತ ಸಮಾನತೆಯನ್ನು. ಎಲ್ಲ ಕೀಲಿಗಳೂ ಒಂದೇ ಬಲಕ್ಕೆ ಇಳಿಯುತ್ತವೆಯೇ? ಇದಕ್ಕೆ ನಾಣ್ಯಗಳೇ ತಕ್ಕಡಿ. ಕೆಂಪು ಎಂಎಕ್ಸ್ ಸ್ವಿಚ್ ಕೆಲಸ ಮಾಡಲು ಬೇಕಾದ ಬಲ 45 ಸೆಂಟಿನ್ಯೂಟನ್, ಎಂದರೆ ಸುಮಾರು 46 ಗ್ರಾಂ ತೂಕ. 2011ರಲ್ಲಿ ಬಂದ ಮಾದರಿಯ ಒಂದು ರೂಪಾಯಿ ನಾಣ್ಯ ಸುಮಾರು 3.8 ಗ್ರಾಂ ತೂಗುತ್ತದೆ. ಒಂದೇ ಬಗೆಯ ಅಂಥ ನಾಣ್ಯಗಳನ್ನು ಕೀಲಿಯ ಮೇಲೆ ಒಂದರ ಮೇಲೊಂದು ಮೆಲ್ಲಗೆ ಪೇರಿಸುತ್ತ ಹೋದರೆ ಹನ್ನೆರಡರ ಆಸುಪಾಸಿನಲ್ಲಿ ಪರದೆಯ ಮೇಲೆ ಅಕ್ಷರ ಮೂಡಬೇಕು. ಒಂದು ಕೀಲಿಗೆ ಹನ್ನೊಂದು, ಇನ್ನೊಂದಕ್ಕೆ ಹನ್ನೆರಡು ಬೇಕಾದರೆ ಚಿಂತೆಯಿಲ್ಲ. ಒಂದಕ್ಕೆ ಒಂಬತ್ತು, ಮತ್ತೊಂದಕ್ಕೆ ಹದಿನಾರು ಆದರೆ ತಯಾರಿಕೆಯಲ್ಲಿ ಶಿಸ್ತಿಲ್ಲವೆಂದು ಅರ್ಥ.

ಟೋಪಿ ಮತ್ತು ಉಪ್ಪುನೀರು

ಬೆರಳು ದಿನವೂ ಮುಟ್ಟುವುದು ಸ್ವಿಚ್ಚನ್ನಲ್ಲ, ಅದರ ಮೇಲಿನ ಪ್ಲಾಸ್ಟಿಕ್ ಟೋಪಿಯನ್ನು. ಇದು ಬಹುಮಟ್ಟಿಗೆ ಎಬಿಎಸ್ ಅಥವಾ ಪಿಬಿಟಿ ಎಂಬ ಎರಡು ಪ್ಲಾಸ್ಟಿಕ್‌ಗಳಲ್ಲಿ ಒಂದರಿಂದ ಆಗಿರುತ್ತದೆ. ಬೆರಳಿನ ಜಿಡ್ಡು ಮತ್ತು ಉಜ್ಜುವಿಕೆಯಿಂದ ಎಬಿಎಸ್ ಬೇಗ ನುಣುಪಾಗಿ ಹೊಳೆಯತೊಡಗುತ್ತದೆ. ಪಿಬಿಟಿ ಗಡುಸು, ಅದರ ತರಿತರಿ ಮೈ ಬಹುಕಾಲ ಉಳಿಯುತ್ತದೆ. ‘ಪಿಬಿಟಿ’ ಎಂದು ಪೆಟ್ಟಿಗೆಯ ಮೇಲೆ ಬರೆಯುವುದು ಸುಲಭ. ನಿಜವೋ ಸುಳ್ಳೋ ತಿಳಿಯಲು ಅಡುಗೆಮನೆಯೇ ಪ್ರಯೋಗಶಾಲೆ.

ಒಂದು ಲೋಟ ನೀರಿಗೆ ಕರಗುವಷ್ಟು ಉಪ್ಪು ಹಾಕಿ ಕದಡಬೇಕು. ಕೀಲಿಮಣೆಯಿಂದ ಬಿಡಿಸಿದ ಒಂದು ಟೋಪಿಯನ್ನು ಅದರಲ್ಲಿ ಮುಳುಗಿಸಿ, ಒಳಗೆ ಸಿಕ್ಕಿದ ಗಾಳಿಗುಳ್ಳೆಗಳನ್ನು ಕಡ್ಡಿಯಿಂದ ಬಿಡಿಸಿ ಕೈಬಿಡಬೇಕು. ಎಬಿಎಸ್‌ನ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಗಟ್ಟಿ ಉಪ್ಪುನೀರಿನಲ್ಲಿ ಅದು ತೇಲುತ್ತದೆ. ಪಿಬಿಟಿಯ ಸಾಂದ್ರತೆ ಸುಮಾರು 1.3, ಅದು ತಳ ಸೇರುತ್ತದೆ. ಬರೀ ನೀರಿನಲ್ಲಿ ಎರಡೂ ಮುಳುಗುವುದರಿಂದ ಉಪ್ಪು ಬೇಕೇ ಬೇಕು. ಎರಡು ಬಗೆಯ ಪ್ಲಾಸ್ಟಿಕ್ ಬೆರೆಸಿ ಮಾಡಿದ ಟೋಪಿಯಾದರೆ ಮಾತ್ರ ಈ ಪರೀಕ್ಷೆ ಗೊಂದಲ ಹುಟ್ಟಿಸಬಹುದು. ಪ್ರಯೋಗ ಮುಗಿದ ಮೇಲೆ ಟೋಪಿಯನ್ನು ಸಿಹಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿಯೇ ಮರಳಿ ಕೂರಿಸಬೇಕು.

ಅಕ್ಷರ ಹೇಗೆ ಮೂಡಿದೆ ಎಂಬುದನ್ನೂ ನೋಡಬೇಕು. ಮೇಲೆ ಬರೀ ಬಣ್ಣ ಒತ್ತಿದ್ದರೆ ಉಗುರಿಗೆ ಅದರ ಅಂಚು ತಾಗುತ್ತದೆ. ಅದು ಬೇಗ ಅಳಿಯುತ್ತದೆ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದ ‘ಡಬಲ್ ಶಾಟ್’ ಅಕ್ಷರ ಟೋಪಿ ಇರುವವರೆಗೂ ಅಳಿಯದು.

ಉದ್ದ ಕೀಲಿಗಳು ಸುಳ್ಳಾಡುವುದಿಲ್ಲ

ಅಗ್ಗದ ತಯಾರಿಕೆ ಮೊದಲು ಬಯಲಾಗುವುದು ಸ್ಪೇಸ್ ಬಾರ್, ಎಂಟರ್, ಶಿಫ್ಟ್, ಬ್ಯಾಕ್ ಸ್ಪೇಸ್ ಎಂಬ ಉದ್ದ ಕೀಲಿಗಳಲ್ಲಿ. ಇವುಗಳ ಅಡಿಯಲ್ಲಿ ಸ್ವಿಚ್ಚಿನ ಎರಡೂ ಬದಿಗೆ ಆಧಾರವಾಗಿ ತಂತಿಯ ಕಟ್ಟೊಂದು ಇರುತ್ತದೆ. ಅದಕ್ಕೆ ಸ್ಟೆಬಿಲೈಸರ್ ಎಂದು ಹೆಸರು. ಕೀಲಿಯ ಯಾವ ತುದಿ ಒತ್ತಿದರೂ ಇಡೀ ಕೀಲಿ ಸಮವಾಗಿ ಇಳಿಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ನಡುವೆ ಒಮ್ಮೆ, ಎಡತುದಿಯಲ್ಲಿ ಒಮ್ಮೆ, ಬಲತುದಿಯಲ್ಲಿ ಒಮ್ಮೆ ಒತ್ತಬೇಕು. ಮೂರೂ ಕಡೆ ಸದ್ದು ಒಂದೇ ಆಗಿದ್ದರೆ ಒಳ್ಳೆಯದು. ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಕುಲುಕಿದಂತೆ ಕೇಳಿದರೆ, ಅಥವಾ ಒಂದು ತುದಿ ಅರೆಕ್ಷಣ ತಡವಾಗಿ ಮೇಲೆದ್ದರೆ, ಮುಂದಕ್ಕೆ ಹೋಗದಿರುವುದೇ ಕ್ಷೇಮ.

ಕನ್ನಡ ಟೈಪಿಸುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ‘ಕ’ ಬರೆಯುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ‘ಖ’ ಆಗುತ್ತದೆ. ‘ಗ’ ಇದ್ದದ್ದು ‘ಘ’ ಆಗುತ್ತದೆ. ದೀರ್ಘಗಳಿಗೂ ಮಹಾಪ್ರಾಣಗಳಿಗೂ ಶಿಫ್ಟ್ ಬೇಕು. ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ಹೀಗಾಗಿ ಇಂಗ್ಲಿಷ್ ಬರೆಯುವವರಿಗಿಂತ ಕನ್ನಡ ಬರೆಯುವವರು ಈ ಎರಡು ಕೀಲಿಗಳನ್ನು ಎಷ್ಟೋ ಹೆಚ್ಚು ದುಡಿಸುತ್ತಾರೆ. ಅವರು ಮೊದಲು ಒತ್ತಿ ನೋಡಬೇಕಾದ್ದೂ ಅವನ್ನೇ.

ಇಲ್ಲದ ಅಕ್ಷರ, ಇಮ್ಮಡಿ ಅಕ್ಷರ

ನೂರಾ ನಾಲ್ಕು ಕೀಲಿಗಳಿಗೆ ನೂರಾ ನಾಲ್ಕು ತಂತಿ ಎಳೆಯುವುದು ದುಬಾರಿ. ಅದಕ್ಕಾಗಿ ಕೀಲಿಗಳನ್ನು ಸಾಲು ಮತ್ತು ಕಂಬಗಳ ಜಾಲದಲ್ಲಿ ಜೋಡಿಸುತ್ತಾರೆ. 6 ಸಾಲು, 18 ಕಂಬ ಎಂದರೆ 108 ಕೀಲಿಗೆ ಜಾಗವಾಯಿತು. ತಂತಿ ಕೇವಲ 24. ಆದರೆ ಈ ಉಳಿತಾಯದಲ್ಲಿ ಒಂದು ತೊಡಕಿದೆ. ಆಯತದ ಮೂರು ಮೂಲೆಗಳಲ್ಲಿರುವ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತಿ ಬಂದು, ಒತ್ತದೇ ಇರುವ ನಾಲ್ಕನೆಯ ಮೂಲೆಯ ಕೀಲಿಯೂ ಒತ್ತಿದಂತೆ ತೋರುತ್ತದೆ. ಈ ಭೂತವನ್ನು ತಡೆಯಲು ಪ್ರತಿ ಕೀಲಿಗೂ ಒಂದು ಡಯೋಡ್ ಹಾಕಬೇಕು. ಹಾಗೆ ಹಾಕಿದ್ದಾರೆಯೇ ಎಂದು ತಿಳಿಯಲು ಎರಡೂ ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಹಿಡಿದು ಇಂಗ್ಲಿಷ್ ವರ್ಣಮಾಲೆಯನ್ನು ಟೈಪ್ ಮಾಡಿ ನೋಡಬಹುದು. ಅಕ್ಷರಗಳು ತಪ್ಪಿಹೋದರೆ ಜಾಲದಲ್ಲಿ ಜಿಪುಣತನ ನಡೆದಿದೆ ಎಂದೇ ಲೆಕ್ಕ.

ಇನ್ನೊಂದು ರೋಗ ಇಮ್ಮಡಿ ಅಕ್ಷರ. ಸ್ವಿಚ್ಚಿನೊಳಗಿನ ಲೋಹದ ಎಲೆಗಳು ಒಂದನ್ನೊಂದು ಮುಟ್ಟಿದ ಕ್ಷಣದಲ್ಲಿ ಸಣ್ಣಗೆ ಪುಟಿಯುತ್ತವೆ. ಅದು ಅಡಗುವವರೆಗೆ ಕೆಲವು ಮಿಲಿಸೆಕೆಂಡ್ ಕಾಯುವಂತೆ ಒಳಗಿನ ಚಿಪ್ಪಿಗೆ ಹೇಳಿಕೊಟ್ಟಿರುತ್ತಾರೆ. ಎಲೆಗಳು ಕಳಪೆಯಾದರೆ ಪುಟಿತ ನಿಲ್ಲದೆ, ಒಮ್ಮೆ ಒತ್ತಿದ ಅಕ್ಷರ ಎರಡು ಬಾರಿ ಬೀಳುತ್ತದೆ. ಐದು ನಿಮಿಷ ಒಂದೇ ಸಮನೆ ಒಂದು ಪುಟ ಟೈಪ್ ಮಾಡಿ ಓದಿದರೆ ಇದು ಸಿಕ್ಕಿಬೀಳುತ್ತದೆ.

ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಹಾಕಬಲ್ಲ ‘ಹಾಟ್ ಸ್ವಾಪ್’ ವ್ಯವಸ್ಥೆ ಇದ್ದರೆ ಈ ರೋಗಕ್ಕೆ ಮನೆಯಲ್ಲೇ ಮದ್ದು ಉಂಟು. ಆದರೆ ಕೆಲವು ಅಗ್ಗದ ಮಾದರಿಗಳ ರಂಧ್ರಕ್ಕೆ ಒಂದೇ ತಯಾರಕರ ಸಣ್ಣ ಕಾಲಿನ ಸ್ವಿಚ್ಚುಗಳು ಮಾತ್ರ ಹಿಡಿಯುತ್ತವೆ. ಅದನ್ನು ಮೊದಲೇ ಕೇಳಿಕೊಳ್ಳಬೇಕು. ವೈರಿನ ವಿಷಯದಲ್ಲೂ ಹಾಗೆಯೇ: ಫೋನಿನ ಮಾಮೂಲಿ ಟೈಪ್ ಸಿ ವೈರು ಅದಕ್ಕೆ ಹಿಡಿಯಬೇಕು. ಎರಡೂ ತುದಿ ಟೈಪ್ ಸಿ ಆಗಿರುವ ವೈರಿನಲ್ಲಿ ಕೆಲಸವನ್ನೇ ಮಾಡದ ಕೀಲಿಮಣೆಗಳಿವೆ. ಕಾಸಿನ ಬೆಲೆಯ ಬಿಡಿಭಾಗವನ್ನು ಒಳಗೆ ಉಳಿಸಿದ್ದರ ಗುರುತು ಅದು.

ದೀಪದ ತಂತ್ರಾಂಶ, ಪೆಟ್ಟಿಗೆಯ ಬರಹ

ದೀಪದ ಬಣ್ಣ ಬದಲಿಸಲು ಕಂಪನಿಯ ತಂತ್ರಾಂಶ ಹಾಕಿಕೊಳ್ಳಿ ಎಂಬ ಸೂಚನೆ ಪೆಟ್ಟಿಗೆಯಲ್ಲಿರುತ್ತದೆ. ಇಲ್ಲಿ ತಂದೆತಾಯಿ ಎಚ್ಚರವಹಿಸಬೇಕು. ಬ್ಯಾಂಕಿನ ಪಾಸ್‌ವರ್ಡ್ ಸೇರಿದಂತೆ ಎಲ್ಲವೂ ಹಾದುಹೋಗುವುದು ಕೀಲಿಮಣೆಯ ಮೂಲಕ. ಅಗ್ಗದ ಕೀಲಿಮಣೆಯೊಂದರ ತಂತ್ರಾಂಶ, ಯಾವ ಕೀಲಿ ಎಷ್ಟು ಬಾರಿ ಒತ್ತಲಾಯಿತು ಎಂಬ ಲೆಕ್ಕವನ್ನು ದೂರದ ಸರ್ವರಿಗೆ ಕಳಿಸುತ್ತಿದ್ದುದು 2017ರಲ್ಲಿ ಸುದ್ದಿಯಾಗಿತ್ತು. ತಂತ್ರಾಂಶವೇ ಬೇಡದ, ಕೀಲಿಗಳ ಮೂಲಕವೇ ದೀಪ ಬದಲಿಸಬಹುದಾದ ಮಾದರಿ ಒಳ್ಳೆಯದು. ಯಾರು ಬೇಕಾದರೂ ಪರಿಶೀಲಿಸಬಹುದಾದ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶಕ್ಕೆ ಹೊಂದುವ ಮಾದರಿಯಾದರೆ ಇನ್ನೂ ಒಳ್ಳೆಯದು.

ಪೆಟ್ಟಿಗೆಯ ಹಿಂಬದಿಯನ್ನು ಓದುವುದಕ್ಕೆ ಎರಡು ನಿಮಿಷ ಸಾಕು. ಆಮದು ಮಾಡಿದ ಮಾಲಿನ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಇರಬೇಕೆಂದು ಕಾನೂನು ಮಾಪನ ನಿಯಮಗಳು ಹೇಳುತ್ತವೆ. ವಿಳಾಸವೇ ಇಲ್ಲದ ಪೆಟ್ಟಿಗೆಯ ‘ಒಂದು ವರ್ಷ ಗ್ಯಾರಂಟಿ’ಯನ್ನು ಯಾರ ಬಳಿ ಕೇಳುವುದು? ವೈರ್‌ಲೆಸ್ ಕೀಲಿಮಣೆಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ಆ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅದು ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಬ್ಯಾಟರಿ ಇರುವ ವಸ್ತುವಿನಲ್ಲಿ ಇದು ಬರೀ ಕಾಗದದ ಮಾತಲ್ಲ, ಮನೆಯ ಸುರಕ್ಷತೆಯ ಮಾತು.

ಆನ್‌ಲೈನ್ ಅಂಗಡಿಗಳಲ್ಲಿ ಕೊಳ್ಳುವವರು ಐದು ನಕ್ಷತ್ರದ ಹೊಗಳಿಕೆಗಿಂತ ಮೂರು ನಕ್ಷತ್ರದ ಅಭಿಪ್ರಾಯಗಳನ್ನು ಓದುವುದು ಜಾಣತನ. ಕೊಂಡ ದಿನವೇ ಬರೆದದ್ದನ್ನು ಬಿಟ್ಟು, ಆರು ತಿಂಗಳು ಬಳಸಿದವರ ಮಾತು ಹುಡುಕಬೇಕು. ‘ಸೂಪರ್’ ಎಂಬುದರಿಂದ ಏನೂ ತಿಳಿಯದು. ‘ನಾಲ್ಕನೇ ತಿಂಗಳಿಗೆ ಇ ಅಕ್ಷರ ಎರಡು ಬೀಳತೊಡಗಿತು’ ಎಂಬುದರಿಂದ ಬಹಳ ತಿಳಿಯುತ್ತದೆ. ಸುಳ್ಳು ಅಭಿಪ್ರಾಯಗಳ ಹಾವಳಿ ಎಷ್ಟೆಂದರೆ, ಅದಕ್ಕೆಂದೇ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡ ಹೊರಡಿಸಬೇಕಾಯಿತು. ಮಾಲು ಕೈಸೇರಿದ ಮೇಲೆ ಪೆಟ್ಟಿಗೆ ಎಸೆಯದೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಮೇಲಿನ ಎಲ್ಲ ಪರೀಕ್ಷೆ ಮುಗಿಸಬೇಕು. ಬಿಲ್ಲು ಕೈಯಲ್ಲಿದ್ದರೆ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದು ಬೇಕೇ? ವಾರಕ್ಕೊಂದು ಅಸೈನ್‌ಮೆಂಟ್ ಬರೆಯುವವರಿಗೆ ಏಳುನೂರು ರೂಪಾಯಿಯ ಸಾಮಾನ್ಯ ಕೀಲಿಮಣೆ ಸಾಕು. ದಿನವೂ ಗಂಟೆಗಟ್ಟಲೆ ಪ್ರೋಗ್ರಾಂ ಬರೆಯುವವರಿಗೆ, ಡಿಟಿಪಿ ಕೆಲಸ ಮಾಡಿ ಶುಲ್ಕ ಹೊಂದಿಸುವವರಿಗೆ ಒಳ್ಳೆಯ ಕೀಲಿಮಣೆ ದುಂದಲ್ಲ, ಅದು ಅವರ ಕಸುಬಿನ ಉಪಕರಣ.

ಮತ್ತೆ ಎಸ್.ಪಿ. ರೋಡಿನ ಅಂಗಡಿಗೆ ಬರೋಣ. ತಂದೆ ಕೀಲಿಮಣೆಯನ್ನು ಪೆಟ್ಟಿಗೆಯಿಂದ ತೆಗೆಸುತ್ತಾರೆ. ಕನ್ನಡಕ ಜೇಬಿಗಿಟ್ಟು, ಎರಡೂ ಕೈ ಬೆರಳುಗಳನ್ನು ನಡುಸಾಲಿನ ಮೇಲಿರಿಸಿ, ಕಣ್ಣು ಮುಚ್ಚಿ ಎರಡು ಸಾಲು ಟೈಪ್ ಮಾಡುತ್ತಾರೆ. ಸ್ಪೇಸ್ ಬಾರಿನ ಬಲತುದಿಯಲ್ಲಿ ಹೆಬ್ಬೆರಳು ನಿಲ್ಲುತ್ತದೆ. “ಇದು ಅಲ್ಲಾಡುತ್ತೆ. ಬೇರೆ ತೋರಿಸಿ.” ಮೂರನೆಯದರಲ್ಲಿ ಬೆರಳು ಎಲ್ಲೂ ತಡೆಯುವುದಿಲ್ಲ. ಅದಕ್ಕೆ ಬಣ್ಣದ ದೀಪವಿಲ್ಲ. ಬೆಲೆ ಇನ್ನೂರು ರೂಪಾಯಿ ಕಡಿಮೆ. ಅದರ ಹೆಸರನ್ನೂ ಯಾರೂ ಕೇಳಿಲ್ಲ.

“ನಿನಗೆ ಕಂಪ್ಯೂಟರ್ ಬರಲ್ಲ ಅಂತಿದ್ದೆಯಲ್ಲಪ್ಪ?” ಎನ್ನುತ್ತಾಳೆ ಮಗಳು.

“ಕಂಪ್ಯೂಟರ್ ಬರಲ್ಲ ಕಣಮ್ಮ. ಟೈಪಿಂಗ್ ಸೀನಿಯರ್ ಪಾಸು ಮಾಡಿದೀನಿ” ಎಂದು ತಂದೆ ಅಂಗಡಿಯವರ ಕಡೆ ತಿರುಗುತ್ತಾರೆ. “ಬಿಲ್ಲು ಹಾಕಿ, ವಾರಂಟಿ ಕಾರ್ಡಿಗೆ ಸೀಲು ಹೊಡೆದು ಕೊಡಿ.”